ತೋಲೋಲಿಂಗ್ ನೆತ್ತಿಯಲ್ಲಿ ಒಬ್ಬ ಗನ್ನರ್: ಒಂದು ಪ್ರಕರಣ ಅಧ್ಯಯನ

ಕಾರ್ಗಿಲ್ ಯುದ್ಧದ ನಡುವೆ, 1999ರ ಜೂನ್ 12ರ ರಾತ್ರಿ ಕಳೆದು 13ರ ಬೆಳಗಾಗುವ ಮೊದಲು, ದ್ರಾಸ್ ವಲಯದ ತೋಲೋಲಿಂಗ್ ಬೆಟ್ಟದ ನೆತ್ತಿಯ ಹತ್ತಿರ 2ನೇ ರಜಪುತಾನಾ ರೈಫಲ್ಸ್‌ನ ಚಾರ್ಲಿ ಕಂಪನಿ ತನ್ನ ನಾಯಕನನ್ನು ಕಳೆದುಕೊಂಡಿತು. ಕಂಪನಿ ಕಮಾಂಡರ್ ಮೇಜರ್ ವಿವೇಕ್ ಗುಪ್ತಾ ಗುಂಡೇಟು ತಿಂದ ಮೇಲೂ ನಿಲ್ಲದೆ ಮುನ್ನುಗ್ಗಿ, ಶತ್ರುವಿನ ಬಂಕರ್‌ಗಳ ನಡುವೆ ಬಿದ್ದರು. ಆ ಹೊತ್ತಿನಲ್ಲಿ ಮುಂದೆ ಬಂದು ಕಂಪನಿಯ ಹೊಣೆ ಹೊತ್ತವರು ಕ್ಯಾಪ್ಟನ್ ಮೃದುಲ್ ಕುಮಾರ್ ಸಿಂಗ್. ಅವರು ರಜಪುತಾನಾ ರೈಫಲ್ಸ್‌ನವರಲ್ಲ. ಕಾಲ್ದಳದವರೇ ಅಲ್ಲ. ಆರ್ಟಿಲರಿಯ, ಅಂದರೆ ಫಿರಂಗಿ ದಳದ, ಎಳೆಯ ಅಧಿಕಾರಿ; ಸೇನೆಯ ಮಾತಿನಲ್ಲಿ ಗನ್ನರ್. ವೈರ್‌ಲೆಸ್ ಸೆಟ್ ಹಿಡಿದು ಕಾಲ್ದಳದ ಜೊತೆ ಬೆಟ್ಟ ಹತ್ತಿ, ಹಿಂದಿರುವ ಫಿರಂಗಿಗಳಿಗೆ ಗುರಿ ಹೇಳಿಕೊಡುವ ಕೆಲಸ ಅವರದು. ಸೇನೆಯಲ್ಲಿ ಇವರನ್ನು ಎಫ್‌ಒಒ ಅನ್ನುತ್ತಾರೆ, ಅಂದರೆ ಮುಂಚೂಣಿಯ ವೀಕ್ಷಣಾಧಿಕಾರಿ.

ಮೃದುಲ್ ಸಿಂಗ್ ಚದುರಿದ ಜವಾನರನ್ನು ಒಟ್ಟುಗೂಡಿಸಿದರು. ಮರುದಾಳಿ ಬಂದೇ ಬರುತ್ತದೆಂದು ತಿಳಿದು ಕಂಪನಿಯ ಸಣ್ಣ ತುಕಡಿಗಳಾದ ಪ್ಲಟೂನ್‌ಗಳನ್ನು ಬೇಗ ಬೇಗ ಜಾಗಕ್ಕೆ ಹಚ್ಚಿದರು. ಮರುದಾಳಿಗಳು ಬಂದವು. ನೆತ್ತಿ ಕೈ ತಪ್ಪಲಿಲ್ಲ.

ಮಂಡ್ಯದಲ್ಲಿ ಎನ್‌ಸಿಸಿ ಹುಡುಗ ಹುಡುಗಿಯರಿಗೆ ನಾಯಕತ್ವದ ಪಾಠ ಮಾಡುವಾಗ ನಾನು ಎತ್ತಿಕೊಳ್ಳುವುದು ಈ ಒಂದೇ ಪ್ರಸಂಗವನ್ನು. ಕಾರ್ಗಿಲ್ ಅಂದರೆ ನಮ್ಮ ಮಕ್ಕಳಿಗೆ ಟೈಗರ್ ಹಿಲ್ ಗೊತ್ತು, ಕ್ಯಾಪ್ಟನ್ ವಿಕ್ರಮ್ ಬಾತ್ರಾ ಗೊತ್ತು. ಆ ಹೆಸರುಗಳಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಸೇನಾಧಿಕಾರಿಯಾಗಬೇಕೆಂದು ಆಸೆ ಹೊತ್ತ ಹುಡುಗ ಕಲಿಯಬೇಕಾದದ್ದು ತೋಲೋಲಿಂಗ್‌ನ ಈ ಹತ್ತು ನಿಮಿಷದಲ್ಲಿ ಹೆಚ್ಚಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೃದುಲ್ ಸಿಂಗ್ ಅವರ ಎದೆಗಾರಿಕೆ ಎಷ್ಟು ದೊಡ್ಡದೋ, ಅವರು ಕೂಗಿದ ಕೂಡಲೇ ಆ ಕಂಪನಿ ಅವರ ಮಾತು ಕೇಳಿದ್ದೂ ಅಷ್ಟೇ ದೊಡ್ಡದು. ಬೇರೆ ದಳದ ಅಧಿಕಾರಿಯ ಮಾತನ್ನು, ಕತ್ತಲಲ್ಲಿ, ತಮ್ಮ ಸಾಹೇಬರು ಕಣ್ಣೆದುರೇ ಬಿದ್ದ ಮೇಲೆ, ಆ ಜವಾನರು ಯಾಕೆ ಕೇಳಿದರು? ಈ ಅಧ್ಯಯನ ಅದನ್ನು ಹುಡುಕುವುದಕ್ಕಾಗಿ.

ಬೆಟ್ಟ ಮತ್ತು ಹೆದ್ದಾರಿ

ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ದ್ರಾಸ್ ಪಟ್ಟಣದ ಮೂಲಕ ಹಾದುಹೋಗುತ್ತದೆ. ತೋಲೋಲಿಂಗ್ ಆ ರಸ್ತೆಯ ನೆತ್ತಿಯ ಮೇಲೇ ಕೂತಿದೆ. ಅಲ್ಲಿ ದುರ್ಬೀನು ಹಿಡಿದು ಕೂತವನಿಗೆ ಕೆಳಗೆ ಓಡುವ ಪ್ರತಿ ಲಾರಿಯೂ ಕಾಣುತ್ತದೆ. ಆತ ತನ್ನ ಫಿರಂಗಿಗಳಿಗೆ ಸುದ್ದಿ ಕೊಟ್ಟರೆ ರಸ್ತೆ ಬಂದ್. ಲಡಾಖ್‌ನ ಇಡೀ ಸೇನೆಗೆ ಚಳಿಗಾಲದ ದಿನಸಿ, ಇಂಧನ, ಮದ್ದುಗುಂಡು ಬೇಸಿಗೆಯಲ್ಲಿ ಸಾಗಬೇಕಾದ ದಾರಿ ಅದು. ಹಾಗಾಗಿ ದ್ರಾಸ್ ವಲಯದಲ್ಲಿ ಮೊದಲು ತೆಗೆದುಕೊಳ್ಳಬೇಕಾದ ಬೆಟ್ಟ ಯಾವುದೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಅದನ್ನು ಹತ್ತುವ ಕೆಲಸ ಮೊದಲು ಬಿದ್ದದ್ದು 18ನೇ ಗ್ರೆನೇಡಿಯರ್ಸ್ ಪಾಲಿಗೆ. ಮೇ ತಿಂಗಳಲ್ಲಿ ಅವರು ಹತ್ತಲು ಶುರು ಮಾಡಿದಾಗ ಮೇಲೆ ಎಷ್ಟು ಜನರಿದ್ದಾರೆ, ಯಾರಿದ್ದಾರೆ ಎಂಬ ಸರಿಯಾದ ಮಾಹಿತಿಯೇ ಇರಲಿಲ್ಲ. ಬೆರಳೆಣಿಕೆಯ ನುಸುಳುಕೋರರು ಎಂದುಕೊಂಡದ್ದು, ನೋಡಿದರೆ ಕಲ್ಲು ಪೇರಿಸಿ ಬಂಕರ್ ಕಟ್ಟಿಕೊಂಡು, ಮಷಿನ್ ಗನ್ ಮತ್ತು ಮಾರ್ಟರ್ ಇಟ್ಟುಕೊಂಡು ಕೂತಿದ್ದ ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಸೈನಿಕರು. ಮೇ 30ರಂದು ಮೇಜರ್ ರಾಜೇಶ್ ಅಧಿಕಾರಿ, ಜೂನ್ 2ರಂದು ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ಅಲ್ಲೇ ಪ್ರಾಣ ಕೊಟ್ಟರು. ಶಿಖರ ಸಿಗಲಿಲ್ಲ. ಆದರೆ ಗ್ರೆನೇಡಿಯರ್‌ಗಳು ಹತ್ತಿದ ಮಟ್ಟದಿಂದ ಕೆಳಗಿಳಿಯಲಿಲ್ಲ. ಶಿಖರದ ಕೆಳಗೆ, ಬಂಡೆಗಳ ಮರೆಯಲ್ಲಿ, ಕಚ್ಚಿಕೊಂಡು ಕೂತರು. ಮುಂದಿನ ದಾಳಿಗೆ ಕಾಲೂರಲು ಜಾಗವಾದದ್ದು ಅದೇ. ಈ ಮಾತನ್ನು ನಾನು ತರಗತಿಯಲ್ಲಿ ಬಿಡದೆ ಹೇಳುತ್ತೇನೆ, ಯಾಕೆಂದರೆ ಗೆದ್ದವರ ಕತೆ ಹೇಳುವ ಭರದಲ್ಲಿ ಅವರಿಗೆ ನೆಲ ಕೊಟ್ಟವರನ್ನು ನಾವು ಮರೆಯುತ್ತೇವೆ.

ಆಮೇಲೆ ಬಂದದ್ದು 2ನೇ ರಜಪುತಾನಾ ರೈಫಲ್ಸ್. ಅದರ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಎಂ. ಬಿ. ರವೀಂದ್ರನಾಥ್ ನಮ್ಮ ಕರ್ನಾಟಕದವರು, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು. ಮುಂದೆ ಕರ್ನಲ್ ಆಗಿ, ನಿವೃತ್ತರಾಗಿ, 2018ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ತೋಲೋಲಿಂಗ್‌ಗಾಗಿ ಅವರಿಗೆ ವೀರಚಕ್ರ ಬಂತು. ಮೈಸೂರು ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಅವರ ಹೆಸರೇ ಗೊತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ರವೀಂದ್ರನಾಥ್ ಮಾಡಿದ ಮೊದಲ ಕೆಲಸ, ದಾಳಿಗೆ ಅವಸರ ಮಾಡದೆ ಸಮಯ ಕೇಳಿದ್ದು. ದಿಲ್ಲಿಯಿಂದ ಹಿಡಿದು ದ್ರಾಸ್‌ವರೆಗೆ ಎಲ್ಲರಿಗೂ ಆತುರ. ದೇಶವೆಲ್ಲ ಟೀವಿ ಮುಂದೆ ಕೂತಿದೆ. ಅಂಥ ಹೊತ್ತಿನಲ್ಲೂ ಅವರು ದಾರಿಗಳನ್ನು ನೋಡಿಸಿದರು, ಜವಾನರ ಮೈ ಎತ್ತರಕ್ಕೆ ಒಗ್ಗುವಂತೆ ಮಾಡಿದರು, ಆಯುಧಗಳನ್ನು ಹಾರಿಸಿ ಪರೀಕ್ಷಿಸಿದರು, ತೋಲೋಲಿಂಗ್‌ನಂಥದೇ ಇಳಿಜಾರಿನಲ್ಲಿ ದಾಳಿಯ ತಾಲೀಮು ನಡೆಸಿದರು. ಈ ತಾಲೀಮಿನ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ವೈರ್‌ಲೆಸ್ ಹಿಡಿದವನ ಕೆಲಸ

ನಮ್ಮ ಶ್ರೀರಂಗಪಟ್ಟಣದ ಕೋಟೆಗೆ ಹೋದವರು ಪಶ್ಚಿಮ ದಿಕ್ಕಿನ ಒಡೆದ ಗೋಡೆಯ ಜಾಗ ನೋಡಿರುತ್ತೀರಿ. 1799ರ ಮೇ 4ರಂದು ಕಾವೇರಿ ದಾಟಿ ಬ್ರಿಟಿಷ್ ಪಡೆ ನುಗ್ಗಿದ್ದು ಅಲ್ಲಿಂದಲೇ. ಅದಕ್ಕೂ ಮುಂಚಿನ ದಿನಗಳಲ್ಲಿ ಗೋಡೆಗೆ ಗುಂಡು ಹೊಡೆದ ಗೋಲಂದಾಜನಿಗೆ ಗೋಡೆ ಎದುರಿಗೇ ಕಾಣುತ್ತಿತ್ತು. ತನ್ನ ಗುಂಡು ಎಲ್ಲಿ ಬಿತ್ತು ಎಂಬುದನ್ನು ಬೇರೆ ಯಾರೂ ಬಂದು ಹೇಳಬೇಕಿರಲಿಲ್ಲ. ಇನ್ನೂರು ವರ್ಷ ಕಳೆದ ಮೇಲೆ ದ್ರಾಸ್‌ನಲ್ಲಿ ಪರಿಸ್ಥಿತಿಯೇ ಬೇರೆ. ಕೆಲವು ಬೋಫೋರ್ಸ್ ಫಿರಂಗಿಗಳನ್ನು ಬೆಟ್ಟಕ್ಕೆ ನೇರ ಗುರಿಯಿಟ್ಟು ಹಾರಿಸಿದ್ದೂ ಉಂಟು. ಉಳಿದ ಬಹುಪಾಲು ಫಿರಂಗಿಗಳು ಕಣಿವೆಯಲ್ಲಿ, ಗುಡ್ಡದ ಮರೆಯಲ್ಲಿ, ಕಿಲೋಮೀಟರ್‌ಗಟ್ಟಲೆ ದೂರದಲ್ಲಿ. ಅವುಗಳ ಪಕ್ಕದಲ್ಲಿ ನಿಂತವನಿಗೆ ಕಾಣುವುದು ಆಕಾಶ ಮಾತ್ರ. ಅವನ ಕಣ್ಣು ಎಂದರೆ ಬೆಟ್ಟದ ಮೇಲಿರುವ ಎಫ್‌ಒಒ.

155 ಮಿ.ಮೀ. ಬೋಫೋರ್ಸ್ ಫಿರಂಗಿ 24 ಕಿಲೋಮೀಟರ್ ದೂರ ಹೊಡೆಯಬಲ್ಲದು. ಅದರ ಒಂದೊಂದು ಶೆಲ್ ನಲವತ್ತು ಕಿಲೋ ಮೀರಿದ ತೂಕ. ಅದರ ಜೊತೆಗೆ 105 ಮಿ.ಮೀ. ಫೀಲ್ಡ್ ಗನ್, 120 ಮಿ.ಮೀ. ಮಾರ್ಟರ್. ತೋಲೋಲಿಂಗ್ ಮೇಲಿನ ಕೊನೆಯ ದಾಳಿಗೆ ನೂರಕ್ಕೂ ಹೆಚ್ಚು ಫಿರಂಗಿ ಮತ್ತು ಮಾರ್ಟರ್‌ಗಳನ್ನು ಒಂದೇ ಗುರಿಗೆ ತಿರುಗಿಸಿದ್ದರು. 8ನೇ ಮೌಂಟನ್ ಡಿವಿಷನ್‌ನ ಆರ್ಟಿಲರಿ ಮುಖ್ಯಸ್ಥ ಬ್ರಿಗೇಡಿಯರ್ ಲಖ್ವಿಂದರ್ ಸಿಂಗ್ ಇಷ್ಟು ಗನ್‌ಗಳನ್ನು ಒಂದು ಬೆಟ್ಟಕ್ಕೆ ಕೊಡಲೇಬೇಕೆಂದು ಹಟ ಹಿಡಿದವರು.

ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಗುರಿ ಸಿಗುವುದಿಲ್ಲ. ಎತ್ತರದಲ್ಲಿ ಗಾಳಿ ತೆಳು, ಶೆಲ್ ಲೆಕ್ಕಕ್ಕಿಂತ ದೂರ ಹೋಗುತ್ತದೆ. ಬಯಲುಸೀಮೆಗೆ ಬರೆದ ಕೋಷ್ಟಕ ಅಲ್ಲಿ ನಂಬುವಂತಿಲ್ಲ. ಗಾಳಿಯ ದಿಕ್ಕು ಕಣಿವೆಗೊಂದು, ಶಿಖರಕ್ಕೊಂದು. ಎಲ್ಲಕ್ಕಿಂತ ಕಷ್ಟ ಶಿಖರದ ಆಕಾರ. ಹಂಚಿನ ಮನೆಯ ಮಾಡಿನ ನೆತ್ತಿಗೆ ಅಂಗಳದಿಂದ ಕಲ್ಲೆಸೆದರೆ ಏನಾಗುತ್ತದೋ ಅಲ್ಲೂ ಅದೇ: ತುಸು ಕಮ್ಮಿಯಾದರೆ ಇಳಿಜಾರಿಗೆ ಬೀಳುತ್ತದೆ, ತುಸು ಹೆಚ್ಚಾದರೆ ಹಿತ್ತಲಿಗೆ ಹೋಗುತ್ತದೆ. ಇಳಿಜಾರಿನಲ್ಲಿ ನಮ್ಮವರೇ ಹತ್ತುತ್ತಿದ್ದಾರೆ ಎಂಬುದು ನೆನಪಿರಲಿ.

ಆದ್ದರಿಂದ ಎಫ್‌ಒಒ ಮೊದಲ ಶೆಲ್ ಬಿದ್ದ ಜಾಗ ನೋಡಿ ತಿದ್ದುಪಡಿ ಹೇಳುತ್ತಾನೆ. ಇಷ್ಟು ಮೀಟರ್ ಎಡಕ್ಕೆ, ಇಷ್ಟು ಮುಂದಕ್ಕೆ. ಆ ಎಡ ಬಲ ಅವನ ಕಣ್ಣಿನಿಂದ ಗುರಿಯವರೆಗಿನ ಗೆರೆಯ ಲೆಕ್ಕದ್ದು, ಫಿರಂಗಿಯ ಲೆಕ್ಕದ್ದಲ್ಲ. ಹಿಂದೆ ಕಮಾಂಡ್ ಪೋಸ್ಟ್‌ನಲ್ಲಿ ಕೂತವರು ಅದನ್ನು ಫಿರಂಗಿಯ ದಿಕ್ಕಿಗೆ ಹೊಂದಿಸಿಕೊಂಡು ಆಜ್ಞೆ ಕೊಡುತ್ತಾರೆ. ಮತ್ತೊಂದು ಶೆಲ್, ಮತ್ತೊಂದು ತಿದ್ದುಪಡಿ. ಗುರಿಗೆ ಕೂತಿತು ಅನ್ನಿಸಿದ ಮೇಲೆ ಎಲ್ಲ ಗನ್‌ಗಳೂ ಒಟ್ಟಿಗೆ. ಕಾಲ್ದಳ ಶಿಖರಕ್ಕೆ ಹತ್ತಿರವಾದಂತೆ ಶೆಲ್‌ಗಳನ್ನು ಮುಂದಕ್ಕೆ ಸರಿಸುತ್ತಾ ಹೋಗಬೇಕು. ಬೇಗ ಸರಿಸಿದರೆ ಶತ್ರು ತಲೆ ಎತ್ತಿ ಮಷಿನ್ ಗನ್ ಹಿಡಿಯುತ್ತಾನೆ. ತಡವಾದರೆ ನಮ್ಮದೇ ಶೆಲ್ ನಮ್ಮವರ ಮೇಲೆ. ಅಷ್ಟು ಸಣ್ಣ ಅಂತರದಲ್ಲಿ, ಕತ್ತಲಲ್ಲಿ, ಉಸಿರು ಸಿಗದ ಎತ್ತರದಲ್ಲಿ, ನಡುಗುವ ಕೈಯಲ್ಲಿ ಸೆಟ್ ಹಿಡಿದು ಆ ಲೆಕ್ಕ ಮಾಡುವವನಿಗೆ ಕಂಪನಿ ಕಮಾಂಡರ್ ಮುಂದಿನ ಹೆಜ್ಜೆ ಎಲ್ಲಿ ಇಡುತ್ತಾನೆಂಬುದು ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಈ ಕೆಲಸ ಆಗುವುದಿಲ್ಲ. ಹಾಗಾಗಿಯೇ ಎಫ್‌ಒಒ ಕಂಪನಿ ಕಮಾಂಡರ್‌ನ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಇರುತ್ತಾನೆ.

ನನ್ನ ವಾದದ ಬೇರು ಇರುವುದು ಇಲ್ಲಿ.

ಆ ರಾತ್ರಿ

ಜೂನ್ 12ರ ಸಂಜೆ ಕತ್ತಲಾದ ಮೇಲೆ ಫಿರಂಗಿಗಳ ಹೊಡೆತದ ಹಿಂದೆಯೇ ಕಂಪನಿಗಳು ಹತ್ತಿದವು. ಶೆಲ್‌ಗಳು ಬಿದ್ದ ಬಂಕರ್‌ಗಳಲ್ಲೂ ಬದುಕುಳಿದವರಿದ್ದರು. ಕಲ್ಲಿನ ಸಂದಿಯಲ್ಲಿ ಕೂತವನನ್ನು ಕೊನೆಗೆ ಕಾಲ್ದಳವೇ ಹೋಗಿ ಎಬ್ಬಿಸಬೇಕು. ನಾಯಕ್ ದರ್ಜೆಯ ದಿಗೇಂದ್ರ ಕುಮಾರ್ ಮಷಿನ್ ಗನ್ ತಂಡದ ಮುಂದೆ ನಿಂತು, ಗಾಯವಾದರೂ ಗುಂಡು ಹಾರಿಸುತ್ತಲೇ ಹೋದ ಕತೆ ಬಹಳ ಜನಕ್ಕೆ ಗೊತ್ತಿದೆ. ಅವರಿಗೆ ಮಹಾವೀರಚಕ್ರ. ವಿವೇಕ್ ಗುಪ್ತಾ ಅವರಿಗೆ ಮರಣೋತ್ತರ ಮಹಾವೀರಚಕ್ರ.

ಗುಪ್ತಾ ಬಿದ್ದ ಆ ಕ್ಷಣದ ಕಂಪನಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಗಂಟೆಗಟ್ಟಲೆ ಹತ್ತಿ ದಣಿದವರು. ಗಾಯಗೊಂಡವರು ಅಲ್ಲಲ್ಲಿ. ಯಾರು ಎಲ್ಲಿದ್ದಾರೆ ಎಂದು ಕಾಣದ ಕತ್ತಲು. ಬಂಕರ್‌ಗಳು ಆಗಷ್ಟೇ ಕೈಗೆ ಸಿಗುತ್ತಿವೆ, ಇನ್ನೂ ಪೂರ್ತಿ ನಮ್ಮದಾಗಿಲ್ಲ. ಶಿಖರ ಹಿಡಿದವರು ಅತಿ ದುರ್ಬಲರಾಗಿರುವುದು ಹಿಡಿದ ಮೊದಲ ಅರ್ಧ ಗಂಟೆಯಲ್ಲಿ. ಶತ್ರು ಮರುದಾಳಿ ಮಾಡುವುದೂ ಆವಾಗಲೇ.

ಮೃದುಲ್ ಸಿಂಗ್ ಎದುರು ಮೂರು ದಾರಿಗಳಿದ್ದವು. ತನ್ನ ಕೆಲಸ ಫಿರಂಗಿಯದು ಎಂದು ಸೆಟ್ ಹಿಡಿದು ಕೂತು, ಕಂಪನಿಯ ಹಿರಿಯ ಸುಬೇದಾರರಿಗೆ ಹೊಣೆ ಬಿಡಬಹುದಿತ್ತು. ಬಟಾಲಿಯನ್‌ಗೆ ಸುದ್ದಿ ಮುಟ್ಟಿಸಿ, ಮುಂದಿನ ಆಜ್ಞೆ ಬರುವವರೆಗೆ ಕಾಯಬಹುದಿತ್ತು. ಇಲ್ಲವೇ ತಾನೇ ಕಂಪನಿ ನಡೆಸಬಹುದಿತ್ತು. ಮೊದಲೆರಡರಲ್ಲಿ ಯಾವುದನ್ನು ಆರಿಸಿಕೊಂಡಿದ್ದರೂ ಯಾರೂ ಆಕ್ಷೇಪಣೆ ಎತ್ತುತ್ತಿರಲಿಲ್ಲ. ಅವರು ಮೂರನೆಯದಕ್ಕೆ ಕೈ ಹಾಕಿದರು.

ಕುಂತಿಬೆಟ್ಟದ ಮೇಲಿನ ವಾದ

ಪಾಂಡವಪುರದ ಕುಂತಿಬೆಟ್ಟದಲ್ಲಿ ನಮ್ಮ ಕೆಡೆಟ್‌ಗಳಿಗೆ ಒಂದು ಅಭ್ಯಾಸ ಮಾಡಿಸುತ್ತೇನೆ. ಒಂದು ತಂಡ ಬಂಡೆಯ ಮೇಲೆ, ಇನ್ನೊಂದು ತಂಡ ಏನೂ ಕಾಣದ ಹಾಗೆ ಕೆಳಗೆ, ಬಂಡೆಗೆ ಬೆನ್ನು ಹಾಕಿ. ನಡುವೆ ವಾಕಿಟಾಕಿ. ಮೇಲಿನವರು ಹೇಳಿದಂತೆ ಕೆಳಗಿನವರು ಪೊದೆಗಳ ನಡುವೆ ನಡೆದು, ಗುರುತು ಹಾಕಿದ ಕಲ್ಲಿಗೆ ಬಾವುಟ ನೆಡಬೇಕು. ಮೊದಲ ಜಗಳ ಪ್ರತಿ ಸಲವೂ ಒಂದೇ: "ಎಡಕ್ಕೆ ಅಂದ್ನಲ್ಲೋ!" "ಯಾರ ಎಡಕ್ಕಲಾ?" ಫಿರಂಗಿಯವರ ಆ ಗೆರೆಯ ಲೆಕ್ಕ ಎಷ್ಟು ದೊಡ್ಡ ವಿಷಯ ಎಂಬುದು ಆವಾಗ ಅವರ ತಲೆಗೆ ಹೋಗುತ್ತದೆ. ಆಟ ಅರ್ಧಕ್ಕೆ ಬಂದಾಗ ಮೇಲಿನ ತಂಡದ ನಾಯಕನನ್ನು ನಾನು ಪಕ್ಕಕ್ಕೆ ಕರೆದು ಕೂರಿಸಿಬಿಡುತ್ತೇನೆ. ಮುಂದೇನು ಎಂದು ಹೇಳುವುದಿಲ್ಲ.

ಹೆಚ್ಚಿನ ತಂಡಗಳಲ್ಲಿ ಆಮೇಲೆ ಕೆಲಸ ಹಿಡಿಯುವುದು ಗಟ್ಟಿ ಗಂಟಲಿನವನಲ್ಲ, ವಾಕಿಟಾಕಿ ಹಿಡಿದವನು ಅಥವಾ ಹಿಡಿದವಳು. ಅವರಿಗೆ ಯೋಜನೆ ಪೂರ್ತಿ ಗೊತ್ತಿರುತ್ತದೆ, ಎಲ್ಲರೂ ಎಲ್ಲಿದ್ದಾರೆಂಬುದೂ ಗೊತ್ತಿರುತ್ತದೆ. ಉಳಿದವರಿಗೂ ಅಷ್ಟು ಹೊತ್ತು ಕೇಳಿಸಿಕೊಂಡ ದನಿ ಅದೇ.

ಆಮೇಲೆ ಬಂಡೆಯ ನೆರಳಲ್ಲಿ ಕೂರಿಸಿ ತೋಲೋಲಿಂಗ್ ಕತೆ ಹೇಳಿದಾಗ ವಾದ ಏಳುತ್ತದೆ. ಮದ್ದೂರು ಕಡೆಯ ಹುಡುಗನೊಬ್ಬ ಕೇಳಿದ: "ಸಾರ್, ಅವ್ರು ಕಂಪ್ನಿ ನೋಡ್ಕಳಕ್ಕೆ ಹೋದ್ರೆ ಫಿರಂಗಿಗೆ ಗುರಿ ಹೇಳೋರ್ಯಾರು? ಅದೇ ಅಲ್ವಾ ಅವ್ರ್ ಕೆಲಸ?" ಬಹಳ ಒಳ್ಳೆಯ ಪ್ರಶ್ನೆ. ನಾನು ಉತ್ತರ ಹೇಳುವ ಮೊದಲೇ ಪಕ್ಕದ ಹುಡುಗಿ ಎದ್ದು ನಿಂತಳು: "ಜನ ಎಲ್ಲೆಲ್ಲಿ ಅವ್ರೆ ಅಂತ ಗೊತ್ತಿಲ್ದಲೆ ಎಲ್ಗೋ ಗುರಿ ಹೇಳದು? ಮೊದ್ಲು ನಮ್ಮೋರ್ನ ಒಂದ್ಕಡೆ ನಿಲ್ಲಿಸ್ಬೇಕು. ಆಮೇಲಲ್ವಾ ಶೆಲ್ಲು?"

ನಾನು ಅವಳ ಕಡೆ. ಚದುರಿದ ಕಂಪನಿಯ ಸುತ್ತ ಫಿರಂಗಿ ಹೊಡೆತ ಕರೆಯುವುದು ಅಪಾಯ. ಪ್ಲಟೂನ್‌ಗಳು ಇಂಥಿಂಥ ಕಡೆ ಇವೆ ಎಂದು ಖಚಿತವಾದ ಮೇಲೆಯೇ, ಅವುಗಳಾಚೆಯ ಇಳಿಜಾರು ಶತ್ರುವಿನದು, ಅಲ್ಲಿಗೆ ಹೊಡೆಯಬಹುದು ಎಂದು ಹೇಳಲು ಬರುವುದು. ಹಾಗಾಗಿ ಪ್ಲಟೂನ್‌ಗಳನ್ನು ಹಚ್ಚುವುದು ಕಾಲ್ದಳದ ಕೆಲಸವಾದರೂ ಗನ್ನರ್‌ನ ಕಣ್ಣಿಗೆ ಅದು ತನ್ನದೇ ಕೆಲಸದ ಮೊದಲ ಅರ್ಧ. ಒಬ್ಬ ಒಳ್ಳೆಯ ಎಫ್‌ಒಒ ಎರಡನ್ನೂ ಒಂದೇ ಎಂದು ನೋಡುತ್ತಾನೆ. ಮೃದುಲ್ ಸಿಂಗ್ ಪ್ಲಟೂನ್‌ಗಳನ್ನೇ ಮೊದಲು ಜಾಗಕ್ಕೆ ಹಚ್ಚಿದ್ದು ಎಷ್ಟು ಸರಿಯಾಗಿತ್ತು ಎಂಬುದಕ್ಕೆ ನನ್ನ ಕಾರಣ ಇದು.

ಇನ್ನು ಜವಾನರು ಯಾಕೆ ಕೇಳಿದರು ಎಂಬ ಮಾತು. ಭುಜದ ಮೇಲಿನ ನಕ್ಷತ್ರ ನೋಡಿ ಅಂದರೆ ಅರ್ಧ ನಿಜ. ಕತ್ತಲಲ್ಲಿ ನಕ್ಷತ್ರ ಕಾಣುವುದಿಲ್ಲ. ತಾಲೀಮು ನಡೆದ ದಿನಗಳ ಬೆಲೆ ಇಲ್ಲಿ ತಿಳಿಯುತ್ತದೆ. ಎಲ್ಲಿ ಬಾಗಬೇಕು, ಎಲ್ಲಿ ಫಿರಂಗಿ ನಿಲ್ಲುತ್ತದೆ, ಶಿಖರ ಸಿಕ್ಕ ಮೇಲೆ ಯಾವ ಪ್ಲಟೂನ್ ಯಾವ ಕಡೆ ಮುಖ ಮಾಡಬೇಕು ಎಂಬುದು ಮೊದಲೇ ಎಲ್ಲರ ತಲೆಯಲ್ಲಿದ್ದರೆ, ನಾಯಕ ಬಿದ್ದಾಗ ಹೊಸ ಯೋಜನೆ ಬೇಕಾಗುವುದಿಲ್ಲ. ಇದ್ದ ಯೋಜನೆಯನ್ನು ಮತ್ತೆ ನೆನಪಿಸುವ ಒಂದು ದನಿ ಸಾಕು. ರವೀಂದ್ರನಾಥ್ ಅವಸರಕ್ಕೆ ಬಗ್ಗದೆ ಕೇಳಿ ಪಡೆದ ಆ ದಿನಗಳು, ನನ್ನ ಓದಿನಲ್ಲಿ, ಶಿಖರದ ಮೇಲೆ ಆ ಎಳೆಯ ಕ್ಯಾಪ್ಟನ್‌ಗೆ ಸಿಕ್ಕ ಅತಿ ದೊಡ್ಡ ಸಹಾಯ. ಕಂಪನಿಯನ್ನು ನಡೆಸಿಕೊಂಡು ಬಂದ ವಿವೇಕ್ ಗುಪ್ತಾ ಅವರ ಪಾಲೂ ಅದರಲ್ಲಿದೆ. ನಾಯಕ ಮುಂದೆ ನಿಂತು ಪ್ರಾಣ ಕೊಟ್ಟದ್ದನ್ನು ಕಂಡ ಜವಾನ ಹಿಂದೆ ತಿರುಗುವುದಿಲ್ಲ. ಆದರೆ ಮುಂದೆ ಎಲ್ಲಿಗೆ ಎಂದು ಅವನಿಗೆ ಯಾರಾದರೂ ಹೇಳಬೇಕು.

ಮೃದುಲ್ ಸಿಂಗ್ ಅವರ ಸ್ವಂತ ಸಾಹಸವನ್ನು ಇದು ಕಮ್ಮಿ ಮಾಡುತ್ತದೆ ಎಂದು ಒಬ್ಬಿಬ್ಬರು ಹಿರಿಯರು ನನ್ನ ಹತ್ತಿರ ವಾದಿಸಿದ್ದಾರೆ. ಇಲ್ಲ. ತಾಲೀಮು ಎಲ್ಲರಿಗೂ ಆಗಿತ್ತು, ಯೋಜನೆ ಎಲ್ಲರಿಗೂ ಗೊತ್ತಿತ್ತು. ಗುಂಡುಗಳ ನಡುವೆ ಎದ್ದು ಮೊದಲು ಬಾಯಿಬಿಟ್ಟವರು ಅವರು.

ಆಮೇಲೆ

ತೋಲೋಲಿಂಗ್‌ನ ಪಾಯಿಂಟ್ 4590 ಎಂಬ ಶಿಖರ ಕೈಗೆ ಬಂದ ಮೇಲೆ ಯುದ್ಧದ ದಿಕ್ಕು ತಿರುಗಿತು. ಆಗಿನ ಸೇನಾ ಮುಖ್ಯಸ್ಥ ಜನರಲ್ ವಿ. ಪಿ. ಮಲಿಕ್ ಕೂಡ ಅದನ್ನೇ ತಿರುವು ಎಂದು ಗುರುತಿಸಿದ್ದಾರೆ. ಜೂನ್ 20ಕ್ಕೆ ಪಾಯಿಂಟ್ 5140, ಜುಲೈ 4ಕ್ಕೆ ಟೈಗರ್ ಹಿಲ್. ಜುಲೈ 26ಕ್ಕೆ ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಫಿರಂಗಿ, ಮಾರ್ಟರ್, ರಾಕೆಟ್‌ಗಳು ಹಾರಿಸಿದ್ದು ಎರಡೂವರೆ ಲಕ್ಷಕ್ಕೂ ಮೀರಿದ ಮದ್ದುಗುಂಡು. 2022ರಲ್ಲಿ ಪಾಯಿಂಟ್ 5140ಕ್ಕೆ ಗನ್ ಹಿಲ್ ಎಂದು ಹೆಸರಿಟ್ಟು ಆರ್ಟಿಲರಿಯ ಋಣವನ್ನು ಸೇನೆ ಒಪ್ಪಿಕೊಂಡಿತು.

ಜುಲೈ ಮೊದಲ ವಾರ ಅದೇ ದ್ರಾಸ್ ವಲಯದಲ್ಲಿ 158 ಮೀಡಿಯಂ ರೆಜಿಮೆಂಟ್‌ನ ಕ್ಯಾಪ್ಟನ್ ಆರ್. ಜೆರ್ರಿ ಪ್ರೇಮ್‌ರಾಜ್ ಕೂಡ ಎಫ್‌ಒಒ ಆಗಿ ಕಾಲ್ದಳದ ಜೊತೆ ಹತ್ತಿದರು. ಗುಂಡು ತಗುಲಿದ ಮೇಲೂ ಸೆಟ್ ಬಿಡದೆ ಫಿರಂಗಿಗಳಿಗೆ ತಿದ್ದುಪಡಿ ಹೇಳುತ್ತಲೇ ಇದ್ದು, ಮತ್ತೆ ಗುಂಡು ತಗುಲಿ ಪ್ರಾಣ ಬಿಟ್ಟರು. ಅವರಿಗೆ ಮರಣೋತ್ತರ ವೀರಚಕ್ರ. ಇಬ್ಬರನ್ನೂ ಒಟ್ಟಿಗೆ ಇಟ್ಟು ಓದಿಸುವುದು ಒಳ್ಳೆಯದು. ಒಬ್ಬರಿಗೆ ಸೆಟ್ ಬಿಡದಿರುವುದೇ ಕರ್ತವ್ಯವಾಯಿತು. ಇನ್ನೊಬ್ಬರಿಗೆ ಸೆಟ್‌ನಾಚೆಯ ಹೊಣೆಯನ್ನೂ ಹೊರುವುದು ಕರ್ತವ್ಯವಾಯಿತು. ಯಾವುದು ಯಾವಾಗ ಎಂಬುದನ್ನು ಪುಸ್ತಕ ಹೇಳಿಕೊಡಲಾರದು. ಕಂಪನಿ ಕಮಾಂಡರ್ ಜೀವಂತ ಇದ್ದಾನೋ ಇಲ್ಲವೋ, ಪ್ಲಟೂನ್‌ಗಳು ಯಾರ ಮಾತಿನ ಮೇಲೆ ನಿಂತಿವೆ ಎಂಬುದನ್ನು ಅಲ್ಲಿದ್ದವನೇ ನೋಡಬೇಕು.

ಈ ಪ್ರಕರಣವನ್ನು ತರಗತಿಗೆ ತೆಗೆದುಕೊಳ್ಳುವ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ. ವಿವೇಕ್ ಗುಪ್ತಾ ಬಿದ್ದ ಜಾಗಕ್ಕೆ ಬಂದಾಗ ಕತೆ ನಿಲ್ಲಿಸಿ, ಮೂರು ದಾರಿಗಳನ್ನು ಹಲಗೆ ಮೇಲೆ ಬರೆದು, ಮಕ್ಕಳಿಂದಲೇ ಉತ್ತರ ಬರೆಸಿ. ಕಾರಣವನ್ನೂ ಬರೆಸಿ. ಸುಬೇದಾರರಿಗೆ ಹೊಣೆ ಬಿಡುವುದೇ ಸರಿ ಎಂದವರ ವಾದವನ್ನು ಪೂರ್ತಿ ಕೇಳಿ, ಅದರಲ್ಲೂ ಹುರುಳಿದೆ. ಕಂಪನಿಯನ್ನು ಹುಟ್ಟಿನಿಂದ ಬಲ್ಲವರು ಅವರೇ. ಕುಂತಿಬೆಟ್ಟದ ಅಭ್ಯಾಸದಲ್ಲಿ ನಾನು ಈಗ ಒಂದು ನಿಯಮ ಸೇರಿಸಿದ್ದೇನೆ: ಬಂಡೆ ಹತ್ತುವ ಮೊದಲು, ನೀರಿನ ಕ್ಯಾನ್ ಹೊತ್ತ ಹುಡುಗನೂ ಸೇರಿದಂತೆ ತಂಡದ ಪ್ರತಿಯೊಬ್ಬರೂ ಇಡೀ ಯೋಜನೆಯನ್ನು ತಮ್ಮ ಮಾತಿನಲ್ಲಿ ಒಪ್ಪಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಬಿಸಿಲೇರುತ್ತದೆ, ಮಕ್ಕಳು ಗೊಣಗುತ್ತಾರೆ. ಕೊನೆಯವನು ಹೇಳಿ ಮುಗಿಸುವವರೆಗೆ ಯಾರನ್ನೂ ಹತ್ತಲು ಬಿಡುವುದಿಲ್ಲ.